ಥಾಯ್ಲೆಂಡ್ ಹಳ್ಳ್ಯಾಗ ಎರಡು ದಿನ, ಉಣ್ಣೋದು ಏನು, ಒಯ್ಯೋದು ಏನು?

ಪ್ರಶ್ನೆ: ಅಕ್ಕಾರ ನಮಸ್ಕಾರ, ನಮ್ದು ಸಿಂಧನೂರು ತಾಲೂಕ್ರಿ, ಕಾಲುವಿ ಹೊಲ, ಭತ್ತ ಬೆಳಿತೀವಿ. ಮಗಳು ಬ್ಯಾಂಕಾಕ್‌ನಾಗ ಕೆಲ್ಸ ಮಾಡ್ತಾಳ, ನವೆಂಬರ್‌ದಾಗ ನಾವಿಬ್ರೂ ಹೊಂಟೀವಿ. ಅವಳ ಆಫೀಸಿನ ಗೆಳತಿ ಶನಿವಾರ ಭಾನುವಾರ ತಮ್ಮ ಹಳ್ಳಿಗೆ ಬರ್ರಿ ಅಂತ ಕರದಾಳ, ಫಿಮಾಯ್ ಅನ್ನೋ ಊರ ಹತ್ರ ಅಂತ. ನಾವು ತತ್ತಿನೂ ಮುಟ್ಟಂಗಿಲ್ಲ, ಅವ್ರ ಭಾಷಾನೂ ಬರಂಗಿಲ್ಲ. ಮಂದಿ ಮನಿಗೆ ಹೋಗಿ ಅದು ಒಲ್ಲೆ ಇದು ಒಲ್ಲೆ ಅಂದ್ರ ಅವ್ರಿಗೆ ಬ್ಯಾಸ್ರ ಆಗಂಗಿಲ್ಲೇನ್ರಿ? ನಮ್ಮನೆಯವ್ರಿಗೆ ಹೋಗೋ ಮನ್ಸಿಲ್ಲ, ಹೋದ್ರ ಅಲ್ಲಿ ಮಲ್ಲಿಗಿ ಅಕ್ಕಿ ಬೀಜದ ಭತ್ತ ತರಬೇಕು ಅಂತಾರ. ಏನು ಮಾಡ್ಲಿ?
(ಹೆಸರು ಬ್ಯಾಡ, ಸಿಂಧನೂರು)

ಉತ್ತರ: ಹೋಗ್ರಿ ತಂಗಿ. ನಾನೂ ಗಂಗಾವತಿಯಾಕಿ, ಮಗನ ಜೋಡಿ ಕೆಲ್ಸ ಮಾಡೋ ಹುಡುಗನ ಮನಿಗೆ ಅದ ಸೀಮಿಗೆ ಹೋಗಿ ಎರಡು ರಾತ್ರಿ ಇದ್ದು ಬಂದೀನಿ, ಬ್ಯಾಂಕಾಕ್‌ನಾಗ ನೋಡಿದ್ದು ಅರ್ಧ ಮರ್ತುಹೋಗೇತಿ, ಆ ಹಳ್ಳಿ ಮನಿ ಇನ್ನೂ ಕಣ್ಣಾಗೈತಿ.

ಮೊದ್ಲು ಊಟದ್ದು ಹೇಳ್ತೀನಿ, ನಿಮ್ಮ ಅಂಜಿಕಿ ಎಲ್ಲಾ ಅಲ್ಲೇ ಐತಿ. ತಾಟಿನ ಮುಂದ ಕುಂತು ಒಲ್ಲೆ ಅಂದ್ರ ಯಾರಿಗಾದ್ರೂ ಬ್ಯಾಸ್ರನ, ವಾರ ಮೊದ್ಲೇ ಮಗಳ ಕಡಿಂದ ಹೇಳಿಸಿಬಿಟ್ರ ಏನೂ ಇಲ್ಲ. ಆದ್ರ ಸರಿಯಾದ ಶಬ್ದ ಹೇಳಿಸ್ರಿ. ನುವಾ ಅಂದ್ರ ಮಾಂಸ, ದನದ ಮಾಂಸಕ್ಕೂ ಅದ ಶಬ್ದ, ಅದಕ್ಕ "ನುವಾ ತಿನ್ನಂಗಿಲ್ಲ" ಅಂದ್ರ ಭಾಳ ಮಂದಿ ದನದ್ದು ಅಷ್ಟ ಬ್ಯಾಡ ಅಂತ ತಿಳ್ಕೊಂಡು ಕೋಳಿ ಮಾಡಿಟ್ಟಿರ್ತಾರ, ಅವ್ರದೇನೂ ತಪ್ಪಿಲ್ಲ. "ಮಂಗ್ಸವಿರಾತ್" ಅಂತ ಇನ್ನೊಂದೈತಿ, ನಮ್ಮ ಮಾಂಸ-ವಿರತಿನ ಅದು, ಆದ್ರ ಅದ್ರಾಗ ತತ್ತಿ ನಡೀತೈತಿ. ನಿಮಗ ಬೇಕಾದ್ದು "ಕಿನ್ ಜೇ". ಜೇ ಅಂದ್ರ ಮಾಂಸ, ಮೀನ, ತತ್ತಿ, ಹಾಲು ಯಾವ್ದೂ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ, ದಾರ್ಯಾಗ ಹಳದಿ ಬಾವುಟದ ಮ್ಯಾಲ ಕೆಂಪು ಅಕ್ಷರ ಕಂಡ್ರ ಅಲ್ಲಿ ಧೈರ್ಯದಿಂದ ಉಣ್ರಿ. ಇಷ್ಟು ಹೇಳಿದ್ರೂ ಒಂದು ಕಡಿ ಮೀನ ಬಂದ್ಬಿಡ್ತೈತಿ, ಯಾಕಂದ್ರ ನಾವು ಉಪ್ಪು ಹಾಕಿದಂಗ ಅವ್ರು "ನಾಮ್ ಪ್ಲಾ" ಅನ್ನೋ ಮೀನಿನ ನೀರು ಹಾಕ್ತಾರ, ಪಪ್ಪಾಯಿ ಕಾಯಿ ಒಳ್ಳಾಗ ಕುಟ್ಟಿ ಮಾಡೋ ಸೋಮ್ ತಮ್‌ಗೂ ಅದನ್ನ ಹಾಕೋದು, ಆ ಸೀಮ್ಯಾಗ ಪ್ಲಾ ರಾ ಅಂತ ಹುಳಿ ಬರ್ಸಿದ ಮೀನೂ ಸೇರಿಸ್ತಾರ. "ಮಾಯ್ ಸಾಯ್ ನಾಮ್ ಪ್ಲಾ", ಅಂದ್ರ ಮೀನಿನ ನೀರು ಹಾಕಬ್ಯಾಡ್ರಿ, ಇದನ್ನ ಬಾಯಿಪಾಠ ಮಾಡ್ಕೊಳ್ರಿ.

ಮತ್ತ ಹೊಟ್ಟಿ ತುಂಬಾ ಉಣ್ಣೋಕ ಖಾವ್ ನಿಯಾವ್ ಐತಿ, ಅಂಟು ಅಕ್ಕಿ ಅನ್ನ. ರಾತ್ರಿ ನೆನಿ ಹಾಕಿ ಬೆಳಿಗ್ಗೆ ಬಿದಿರಿನ ಬುಟ್ಯಾಗ ಹಬಿ ಮ್ಯಾಲ ಬೇಯಿಸ್ತಾರ, ಆಮ್ಯಾಲ ಮುಚ್ಚಳದ ಸಣ್ಣ ಬುಟ್ಟಿಗೆ ತುಂಬಿ ಎಲ್ಲಾರ ನಡುವ ಇಡ್ತಾರ, ಬಟ್ಟಲಾಗ ಹಾಕ್ಕೊಳ್ಳೋದಲ್ಲ, ಚೂರು ಹರ್ಕೊಂಡು ಬಲಗೈ ಬೆರಳಾಗ ಉಂಡಿ ಮಾಡಿ ಅದ್ದಿ ತಿನ್ನೋದು, ನಾವು ರೊಟ್ಟಿ ಮುರ್ಕೊಂಡು ಪಲ್ಯ ಹಚ್ಚಿದಂಗ. ನಾನು ಶೇಂಗಾ ಪುಡಿ, ಗುರೆಳ್ಳು ಪುಡಿ ಒಯ್ದಿದ್ದೆ. ಆ ಮನಿ ಅಜ್ಜಿ ಅನ್ನದ ಉಂಡಿ ಗುರೆಳ್ಳಿನ ಪುಡ್ಯಾಗ ಹೊರಳಿಸಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಮತ್ತ ಡಬ್ಬಿ ಕಡಿ ಕೈ ಚಾಚಿದ್ಲು. ಅಲ್ಲಿಗೆ ಭಾಷಾದ ಮಾತು ಮುಗೀತು ನೋಡ್ರಿ.

ಭಾಷಾ ಅಂದಾಗ ನೆನಪಾತು, ಊಟಕ್ಕ ಆಹಾನ್ ಅಂತಾರ, ನಮ್ಮ ಆಹಾರ, ಗುರುವಿಗೆ ಖ್ರು. ಅವ್ರ ಜಿಲ್ಲಾ ಹೆಸ್ರ ನಖೋನ್ ರಾಚಸೀಮಾ, ಅಂದ್ರ ನಗರ, ರಾಜ, ಸೀಮಾ. ಕಂಡಕೂಡ್ಲೆ "ಕಿನ್ ಖಾವ್ ರು ಯಾಂಗ್" ಅಂತ ಕೇಳ್ತಾರ, ಅನ್ನ ಉಂಡ್ರಿ ಇಲ್ಲೋ ಅಂತ, ನಾವು ಊಟಾತೇನ್ರಿ ಅಂತ ಕೇಳಂಗಿಲ್ಲೇನು, ಹಂಗ. ತಾಯಿ ತಾಯಿಗೆ ಯಾಯ್ ಅಂತಾರ, ತಂದಿ ತಾಯಿಗೆ ಬ್ಯಾರೆ ಹೆಸ್ರು. ಆ ಸೀಮ್ಯಾಗ ಲಗ್ನ ಆದ ಮ್ಯಾಲ ಗಂಡ ಹೆಂಡ್ತಿ ಮನ್ಯಾಗ ಇರೋದು ಹಿಂದಿನ ರೂಢಿ, ಅದಕ್ಕ ಮನ್ಯಾಗ ಹಿರೇಮನಿಷ್ಯಾಳು ಬಹುಶಃ ಯಾಯ್‌ನ ಇರ್ತಾಳ. ಮೊದ್ಲು ಆಕಿಗೆ ಕೈ ಮುಗೀರಿ, ಚಪ್ಲಿ ಹೊರಗ ಬಿಡ್ರಿ, ನೆಲದ ಮ್ಯಾಲ ಕುಂತಾಗ ಕಾಲು ಯಾರ ಕಡಿನೂ ಚಾಚಬ್ಯಾಡ್ರಿ, ಸಣ್ಣ ಹುಡುಗ್ರ ತಲಿ ಸವರೋ ರೂಢಿ ಇದ್ರ ಅಲ್ಲಿ ತಡ್ಕೊಳ್ರಿ. ಬೆಳಿಗ್ಗೆ ಭಿಕ್ಷುಗಳು ಬರ್ತಾರ, ಹೆಣ್ಮಕ್ಕಳು ಅವ್ರಿಗೆ ತಾಕಬಾರ್ದು. ಇಷ್ಟ, ಉಳಿದದ್ದೆಲ್ಲಾ ನಮ್ಮಂಗನ.

ಬ್ಯಾಂಕಾಕ್‌ದಿಂದ ಕೋರಾಟ್ (ನಖೋನ್ ರಾಚಸೀಮಾಕ್ಕ ಮಂದಿ ಕರಿಯೋ ಹೆಸ್ರು) 260 ಕಿ.ಮೀ., ಅಲ್ಲಿಂದ ಫಿಮಾಯ್ ಇನ್ನೊಂದು 60, ಶುಕ್ರವಾರ ಸಂಜಿ ಹೊರಡಬ್ಯಾಡ್ರಿ, ಟ್ರಾಫಿಕ್‌ನಾಗ ಸಾಕಾಗ್ತೈತಿ. ಫಿಮಾಯ್ ಗುಡಿ ಮಾತ್ರ ಬಿಡಬ್ಯಾಡ್ರಿ, ಸಾವಿರ ವರ್ಷದ ಹತ್ರ ಹತ್ರ ಹಳೇದು, ಕಾಂಬೋಡಿಯಾದ ಖ್ಮೇರ್ ಮಂದಿ ಕಟ್ಟಿದ್ದು, ಬೌದ್ಧರ ಗುಡಿ ಆದ್ರೂ ಬಾಗಿಲ ಮ್ಯಾಲ ರಾಮಾಯಣ ಕೆತ್ಯಾರ, ನಾಗಪಾಶದಾಗ ಬಿದ್ದ ರಾಮ ಲಕ್ಷ್ಮಣ, ಸುತ್ತ ಕಪಿಗಳು. ಅಂಜನಾದ್ರಿ ಬುಡದಾಗ ಬೆಳೆದಾಕಿ ನಾನು, ಅಷ್ಟು ದೂರ ಹೋಗಿ ಆ ಕಪಿಗಳ್ನ ನೋಡಿ ಮಾತ ಹೊಂಡ್ಲಿಲ್ಲ. ನಿಮಗ ಮಸ್ಕಿ ಹತ್ರ ಐತಿ, 1915ರಾಗ ಸಿಕ್ಕ ಅಶೋಕನ ಶಾಸನದ ಫೋಟೋ ಮೊಬೈಲ್‌ನಾಗ ಇಟ್ಕೊಂಡು ಹೋಗ್ರಿ, ಅಶೋಕ ಅಂದ್ರ ಅವ್ರಿಗೆ ಭಾಳ ಗೌರವ.

ಬೀಜದ ಭತ್ತ ತರೂದು ಬ್ಯಾಡ್ರಿ. ಪರ್ಮಿಟ್ಟೂ ಆ ದೇಶದ ಸರ್ಟಿಫಿಕೇಟೂ ಇಲ್ದ ಬೀಜ ನಮ್ಮ ದೇಶಕ್ಕ ತರಂಗಿಲ್ಲ. ಅದೂ ಅಲ್ದ ಆ ಮಲ್ಲಿಗಿ ಭತ್ತ, ಖಾವ್ ಡಾಕ್ ಮಲಿ 105, ಹಗಲು ಸಣ್ಣದಾದಾಗ ಮಾತ್ರ ತೆನಿ ಒಡಿಯೋ ತಳಿ, ವರ್ಷಕ್ಕ ಒಂದ ಬೆಳಿ, ನಿಮ್ಮ ಬ್ಯಾಸಿಗಿ ಬೆಳಿಗೆ ಬರಂಗಿಲ್ಲ. ನಿಮ್ಮನೆಯವ್ರಿಗೆ ಬ್ಯಾರೆ ಆಸಿ ತೋರ್ಸ್ರಿ, ನವೆಂಬರ್ ಅಂದ್ರ ಅಲ್ಲಿ ಕೊಯ್ಲಿನ ಟೈಮ್, ಆ ಸೀಮ್ಯಾಗ ಬಹಳಷ್ಟು ಮಳಿ ನೀರಿನ ಮ್ಯಾಲನ ಬೆಳಿಯೋದು, ನಮ್ಮಂಗ ಕಾಲುವಿ ಇಲ್ಲ, ಒಬ್ಬ ರೈತ ಇನ್ನೊಬ್ಬ ರೈತನ ಹೊಲದಾಗ ನಿಂತ್ರ ಟೈಮ್ ಹೋಗಿದ್ದು ಗೊತ್ತಾಗಂಗಿಲ್ಲ.

ಹೊರಡೋ ಮುಂಜಾನಿ ಬಿಳಿ ನೂಲು ಕೈಗೆ ಕಟ್ಟಬಹುದು, ನಮ್ಮ ಕಂಕಣದಂಗ. ನನಗ ಯಾಯ್ ಕಟ್ಟಿದ್ಲು, ಮೊದ್ಲು ನೂಲಿನ ತುದಿಯಿಂದ ಅಂಗೈ ಸವರಿ, ಆಮ್ಯಾಲ ಏನೋ ಅನ್ಕೋತ ಗಂಟು ಹಾಕಿದ್ಲು. ಮೂರು ದಿನ ಆದ್ರೂ ಕೈಯಾಗ ಇರ್ಬೇಕು, ಕತ್ತರಿ ಹಚ್ಚಬಾರ್ದು, ಬಿಚ್ಚಬೇಕು. ಇದ್ದಿದ್ದಕ್ಕ ರೊಕ್ಕ ಕೊಡಾಕ ಮಾತ್ರ ಹೋಗಬ್ಯಾಡ್ರಿ, ಗಾಡಿ ಎಣ್ಣಿ ಖರ್ಚು ಮಗಳು ನೋಡ್ಕೊಳ್ಳಿ. ವಿಮಾನ ಹತ್ತೋ ಮೊದ್ಲು ಮೂರು ದಿನದೊಳಗ ಆನ್‌ಲೈನ್ ಅರೈವಲ್ ಕಾರ್ಡ್ ತುಂಬ್ರಿ, 2025ರ ಮೇ 1ರಿಂದ ಅದು ಬೇಕ ಬೇಕು, ದುಡ್ಡಿಲ್ಲ. ಮತ್ತ ಗುರೆಳ್ಳು ಪುಡಿ ಎರಡು ಡಬ್ಬಿ ಮಾಡ್ರಿ, ಒಂದು ನಿಮಗ, ಒಂದು ಆ ಮನಿ ಅಜ್ಜಿಗೆ.