ಸ್ಪೀಕಿಂಗ್ ಟೆಸ್ಟ್‌ನ ಸೈಕಲ್ ಪ್ರಶ್ನೆಗೆ ನಿಮ್ಮ ಉತ್ತರ ಎಲ್ಲಿ ಸೊರಗುತ್ತಿದೆ

ಮುಂದಿನ ತಿಂಗಳು ಐಇಎಲ್‌ಟಿಎಸ್ (ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆ) ಇದೆ, ಸೈಕಲ್ ಬಗ್ಗೆ ಕೇಳಿದರೆ ಇಷ್ಟು ಹೇಳಿದರೆ ಸಾಕಾ ಅಂತ ಕೇಳಿದ್ದೀರಿ. ನೀವು ಹಾಕಿರೋ ಉತ್ತರ: "ಯೆಸ್, ಐ ಆ್ಯಮ್ ಹ್ಯಾವಿಂಗ್ ಬೈಕ್. ಐ ಆ್ಯಮ್ ಡ್ರೈವಿಂಗ್ ಇಟ್ ಸಿನ್ಸ್ ಟು ಇಯರ್ಸ್. ಸೈಕ್ಲಿಂಗ್ ಈಸ್ ಗುಡ್ ಫಾರ್ ಹೆಲ್ತ್ ಆ್ಯಂಡ್ ಎನ್ವಿರಾನ್‌ಮೆಂಟ್." ನಮ್ಮ ಈ ಸೈಕಲ್ ಗುಂಪಿನಲ್ಲಿ ಚೈನಿಗೆ ಹಾಕೋ ಎಣ್ಣೆ ಬಗ್ಗೆ ಅರ್ಧ ಪುಟ ಬರೆಯೋರು ನೀವು. ಆ ಮನುಷ್ಯ ಈ ಮೂರು ವಾಕ್ಯದಲ್ಲಿ ಎಲ್ಲೂ ಕಾಣಲ್ಲ. ಸೈಕಲ್ಲೇ ಹತ್ತದವರೂ ಇದನ್ನು ಹೇಳಬಹುದು. ಮೊದಲ ತೊಂದರೆ ಅದು, ವ್ಯಾಕರಣ ಎರಡನೇದು.

ಮೊದಲು "ಬೈಕ್". ಬೆಂಗಳೂರಲ್ಲಿ ಬೈಕ್ ಅಂದರೆ ಪೆಟ್ರೋಲ್ ಹಾಕೋ ಗಾಡಿ. ಪರೀಕ್ಷಕರಿಗೆ ಬೈಕ್ ಅಂದರೆ ಸೈಕಲ್. "ಡು ಯು ರೈಡ್ ಎ ಬೈಕ್?" ಅಂದಾಗ ಮೈಲೇಜು, ಸಿಗ್ನಲ್ಲು ಅಂತ ಶುರು ಮಾಡಿದರೆ ವಿಷಯವೇ ತಪ್ಪಿತು. ಮೊದಲ ವಾಕ್ಯದಲ್ಲಿ ಬೈಸಿಕಲ್ ಅನ್ನಿ, ಆಮೇಲೆ ಬೈಕ್ ಅಂದರೂ ನಡೆಯುತ್ತೆ. ಅದು ಬೈಸೈಕಲ್ ಅಲ್ಲ, ಬೈ-ಸಿ-ಕಲ್, ಒತ್ತು "ಬೈ" ಮೇಲೆ. ಸೈಕಲ್, ಮೋಟರ್‌ಸೈಕಲ್‌ನಲ್ಲಿ "ಸೈ" ಬರುತ್ತೆ.

ಎರಡನೇದು ಕ್ರಿಯಾಪದ. ನಾವು ತಪ್ಪೋದು ಹೆಚ್ಚಾಗಿ ಇಲ್ಲೇ, ಯಾಕಂದರೆ ತಲೆಯಲ್ಲಿ ಕನ್ನಡ ಓಡ್ತಿರುತ್ತೆ. ಸೈಕಲ್ ಓಡಿಸ್ತೀನಿ ಅನ್ನೋದು "ಡ್ರೈವ್" ಆಗುತ್ತೆ, ಬೇಕಾದ್ದು "ರೈಡ್". ಗಾಳಿ ಹೊಡೆಸೋದು "ಫಿಲ್ ಏರ್" ಆಗುತ್ತೆ. "ಪಂಪ್ ಅಪ್ ದ ಟೈರ್ಸ್" ಅನ್ನಿ. ಚೈನ್ ಕಳಚಿದರೆ "ದ ಚೈನ್ ಕೇಮ್ ಆಫ್", ತುಂಡಾದರೆ "ದ ಚೈನ್ ಸ್ನ್ಯಾಪ್ಡ್". ಎರಡಕ್ಕೂ "ಚೈನ್ ಕಟ್" ಅನ್ನಬೇಡಿ. ಏರು ಬಂದಾಗ ಗೇರ್ ಇಳಿಸೋದು "ಶಿಫ್ಟ್ ಡೌನ್". ಗಾಳಿ ಇಳಿದಿದ್ದರೆ "ದ ಟೈರ್ ಹ್ಯಾಸ್ ಗಾನ್ ಫ್ಲ್ಯಾಟ್". ಇಂಥ ಐದಾರು ಜೋಡಿ ಬಾಯಿಗೆ ಬಂದರೆ ಶಬ್ದ ಸಂಪತ್ತಿನ ಅಂಕಕ್ಕೆ ಅನುಕೂಲ. "ಎಕೋ-ಫ್ರೆಂಡ್ಲಿ" ಅನ್ನೋದನ್ನು ಎಲ್ಲರೂ ಹೇಳ್ತಾರೆ.

ಕಾಲದ ವಿಷಯಕ್ಕೆ ಬಂದರೆ, "ಸ್ಕೂಲಿಗೆ ಸೈಕಲ್‌ನಲ್ಲಿ ಹೋಗ್ತಿದ್ದೆ" ಅನ್ನೋದು ಹಳೆಯ ಅಭ್ಯಾಸ. ಅದನ್ನು "ಐ ವಾಸ್ ಗೋಯಿಂಗ್" ಅಂದರೆ ಆ ಒಂದು ಗಳಿಗೆಯಲ್ಲಿ ಹೋಗ್ತಿದ್ದೆ ಅನ್ನೋ ಅರ್ಥ ಬರುತ್ತೆ. "ಐ ಯೂಸ್ಡ್ ಟು ಸೈಕಲ್ ಟು ಸ್ಕೂಲ್" ಸರಿ. "ಎರಡು ವರ್ಷದಿಂದ" ಅನ್ನೋಕೆ "ಐ ಹ್ಯಾವ್ ಬೀನ್ ರೈಡಿಂಗ್ ಫಾರ್ ಟು ಇಯರ್ಸ್". ವರ್ಷಗಳ ಲೆಕ್ಕ ಇದ್ದರೆ "ಫಾರ್", ಶುರುವಾದ ಇಸವಿ ಹೇಳಿದರೆ "ಸಿನ್ಸ್".

ಇಷ್ಟು ತಿದ್ದಿದರೆ ನಿಮ್ಮ ಉತ್ತರ ಹೀಗಾಗುತ್ತೆ: "ಯೆಸ್, ಐ ಹ್ಯಾವ್ ಎ ಹೈಬ್ರಿಡ್ ಬೈಸಿಕಲ್. ಐ ಹ್ಯಾವ್ ಬೀನ್ ರೈಡಿಂಗ್ ಇಟ್ ಫಾರ್ ಅಬೌಟ್ ಟು ಇಯರ್ಸ್, ಮೋಸ್ಟ್ಲಿ ಬಿಫೋರ್ ಸೆವೆನ್ ಇನ್ ದ ಮಾರ್ನಿಂಗ್, ಬಿಕಾಸ್ ಆಫ್ಟರ್ ದಟ್ ದ ಬಸಸ್ ಟೇಕ್ ಓವರ್ ದ ರೋಡ್." ಹದಿನೈದು ಸೆಕೆಂಡಿನ ಮಾತು. ಈ ಟೆಸ್ಟ್‌ಗೆ ಮೂರು ಭಾಗ. ಮೊದಲ ಭಾಗ ಇರೋದೇ 4-5 ನಿಮಿಷ, ಪ್ರಶ್ನೆ ಹಲವು, ಹಾಗಾಗಿ ಎರಡು-ಮೂರು ವಾಕ್ಯಕ್ಕೆ ನಿಲ್ಲಿಸಿ.

ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡ್ ಕೊಡ್ತಾರೆ. ಅದಕ್ಕೆ ತಯಾರಿ 1 ನಿಮಿಷ, ಮಾತು 1ರಿಂದ 2 ನಿಮಿಷ. ಆ ಒಂದು ನಿಮಿಷದಲ್ಲಿ ವಾಕ್ಯ ಬರೆಯೋಕೆ ಹೋದರೆ ಎರಡನೇ ಸಾಲಿಗೇ ಸಮಯ ಮುಗಿಯುತ್ತೆ. ಐದು ಪದ ಗೀಚಿ ಸಾಕು. ಬಾಲ್ಯದಲ್ಲಿ ಕಲಿತ ವಿದ್ಯೆ ಅಂತ ಕಾರ್ಡ್ ಬಂತು ಅನ್ನಿ: ಬಾಡಿಗೆ ಸೈಕಲ್, ಒಳಪೆಡಲ್, ಬಿದ್ದದ್ದು, ಹಿಡಿದವರು, ಈಗ. ಒಳಪೆಡಲ್‌ಗೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ತಡವರಿಸಬೇಡಿ, ಬಿಡಿಸಿ ಹೇಳಿ: "ಐ ವಾಸ್ ಟೂ ಶಾರ್ಟ್ ಫಾರ್ ದ ಸೀಟ್, ಸೋ ಐ ಪುಟ್ ಒನ್ ಲೆಗ್ ಥ್ರೂ ದ ಫ್ರೇಮ್, ಅಂಡರ್ ದ ಕ್ರಾಸ್‌ಬಾರ್, ಆ್ಯಂಡ್ ಪೆಡಲ್ಡ್ ಲೈಕ್ ದಟ್." ಗೊತ್ತಿಲ್ಲದ ಪದವನ್ನು ಸುತ್ತಿ ಬಳಸಿ ಹೇಳೋದಕ್ಕೂ ಬೆಲೆ ಇದೆ. ಕೇಳೋರ ಕಣ್ಣಿಗೆ ಚಿತ್ರವೂ ಕಟ್ಟುತ್ತೆ.

ಮೂರನೇ ಭಾಗ ಚರ್ಚೆ, ಅಲ್ಲಿ "ನಾನು" ಕಡಿಮೆ ಮಾಡಿ. ಸೈಕಲ್ ಲೇನ್ ಬೇಕಾ ಅಂದರೆ ಅಭಿಪ್ರಾಯ, ಕಾರಣ, ಒಂದು ಉದಾಹರಣೆ, ಒಂದು "ಆದರೆ". ಉದಾಹರಣೆ ಬೆಂಗಳೂರಲ್ಲೇ ಇದೆ: 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ (ಗಿಡ್ಡ ಕಂಬ) ನೆಟ್ಟು ಮಾಡಿದ ಲೇನ್, ಅದರೊಳಗೆ ನುಗ್ಗಿದ ಸ್ಕೂಟರ್‌ಗಳು. "ಎ ಲೇನ್ ಓನ್ಲಿ ವರ್ಕ್ಸ್ ಇಫ್ ಇಟ್ ಈಸ್ ಫಿಸಿಕಲಿ ಸೆಪರೇಟೆಡ್ ಫ್ರಮ್ ಟ್ರಾಫಿಕ್" ಅಂತ ಅದಕ್ಕೆ ಜೋಡಿಸಿ. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಅನ್ನೋದಕ್ಕೆ ಅಂಕ ಇಲ್ಲ. ಸರಾಗತೆ, ಶಬ್ದ, ವ್ಯಾಕರಣ, ಉಚ್ಚಾರ, ಈ ನಾಲ್ಕಕ್ಕೆ ಸಮಪಾಲು.

ಆದರೆ ಮೇಲಿನ ವಾಕ್ಯಗಳನ್ನು ಉರು ಹೊಡೆಯಬೇಡಿ. ಕಂಠಪಾಠ ಒಪ್ಪಿಸುವಾಗ ರಾಗವೇ ಬದಲಾಗುತ್ತೆ, ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತೆ. ಒಂದೇ ಪ್ರಶ್ನೆಗೆ ಮೂರು ದಿನ ಮೂರು ಬೇರೆ ಉತ್ತರ ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಇನ್ನೊಂದು ಸಲ ಕೇಳುವಾಗ ಪದದ ಕೊನೆಗೆ ಕಿವಿ ಕೊಡಿ. ಬ್ರೇಕು, ಹೆಲ್ಮೆಟ್ಟು, ರೋಡು ಅಂತ "ಉ" ಅಂಟಿಕೊಂಡಿರುತ್ತೆ. "ಎವೆರಿ" ಶುರುವಿನಲ್ಲೇ "ಯ" ನುಸುಳಿ "ಯೆವೆರಿ" ಆಗಿರುತ್ತೆ. ನಮ್ಮ ಧಾಟಿ ಇದ್ದರೆ ಅಂಕ ಹೋಗಲ್ಲ, ಪದ ತಿಳಿಯದಿದ್ದರೆ ಹೋಗುತ್ತೆ. ಮೂರನೇ ದಿನದ ರೆಕಾರ್ಡಿಂಗ್ ಇಲ್ಲೇ ಹಾಕಿ, ಯಾವ ಸೆಕೆಂಡಿನಲ್ಲಿ ಎಡವಿದ್ದೀರಿ ಅಂತ ಗುರುತು ಮಾಡಿ ಕೊಡ್ತೀನಿ.