ಲಕ್ಷ ಸಾಲಿನ ಐಪಿ ಪಟ್ಟಿ: ವೇಗ ಬೇಕು, ಅರ್ಥ ಕೆಡಬಾರದು

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ನಮ್ಮ ಟಿಸಿಪಿ ಸರ್ವರ್, ಯಾರನ್ನು ಒಳಬಿಡಬೇಕು, ಯಾರನ್ನು ತಡೆಯಬೇಕು ಎಂಬ ಐಪಿ ಪಟ್ಟಿಯನ್ನು ಮೇಲಿನಿಂದ ಸಾಲುಸಾಲಾಗಿ ನೋಡುತ್ತದೆ. ಪಟ್ಟಿ ಒಂದು ಲಕ್ಷ ಸಾಲಿಗೆ ಬೆಳೆದಿದೆ, ಹೊಸ ಸಂಪರ್ಕಗಳು ನಿಧಾನವಾಗಿವೆ. ಹ್ಯಾಶ್ ಟೇಬಲ್ (ಕೀಲಿ ಕೊಟ್ಟರೆ ನೇರವಾಗಿ ಜಾಗ ತೋರಿಸುವ ಕೋಷ್ಟಕ) ಒಳ್ಳೆಯದೋ, ಟ್ರೈ (ವಿಳಾಸದ ಬಿಟ್‌ಗಳನ್ನು ಹಿಡಿದು ಕೆಳಗಿಳಿಯುವ ಮರದಂಥ ರಚನೆ) ಒಳ್ಳೆಯದೋ?

ಉತ್ತರ: ನಿಮ್ಮ ಕೆಲಸಕ್ಕೆ ಎರಡೂ ಬೇಡ. ವಿಂಗಡಿಸಿದ ಒಂದು ಅರೇ, ಅದರ ಮೇಲೆ ಬೈನರಿ ಸರ್ಚ್ (ಪ್ರತಿ ಹೆಜ್ಜೆಗೂ ಉಳಿದ ಭಾಗವನ್ನು ಅರ್ಧ ಮಾಡುವ ಹುಡುಕಾಟ), ಇಷ್ಟು ಸಾಕು.

ಪ್ರತಿ ನಿಯಮವೂ ವಿಳಾಸಗಳ ಒಂದು ವ್ಯಾಪ್ತಿ. /22 ಎಂದರೆ 32 ಬಿಟ್ ವಿಳಾಸದ ಮೊದಲ 22 ಬಿಟ್ (ಪ್ರಿಫಿಕ್ಸ್) ಒಂದೇ ಆಗಿರುವ, ಸಾಲಾಗಿ ಬರುವ 1024 ವಿಳಾಸಗಳು. ಒಂದು ಲಕ್ಷ ವ್ಯಾಪ್ತಿಗಳಿಗೆ ಹೆಚ್ಚೆಂದರೆ ಎರಡು ಲಕ್ಷ ಗಡಿಗಳಿರುತ್ತವೆ. ಅವು ಇಡೀ ಐಪಿವಿ4 ವಿಳಾಸ ಸರಣಿಯನ್ನು ಒಂದರ ಮೇಲೊಂದು ಬೀಳದ 2,00,001 ತುಂಡುಗಳಾಗಿ ಕತ್ತರಿಸಬಹುದು, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಪ್ರತಿ ತುಂಡಿನ ಆರಂಭದ ವಿಳಾಸ 4 ಬೈಟ್, ತೀರ್ಪು (ಬಿಡು ಅಥವಾ ತಡೆ) 1 ಬೈಟ್. ಒಟ್ಟು ಹತ್ತು ಲಕ್ಷ ಬೈಟ್ ಚಿಲ್ಲರೆ. ಆರಂಭದ ವಿಳಾಸಗಳನ್ನು ಒಂದು ಅರೇಯಲ್ಲಿ, ತೀರ್ಪುಗಳನ್ನು ಇನ್ನೊಂದರಲ್ಲಿ ಇಡಿ. ಆಗ ಹುಡುಕುವ ಭಾಗ ಚಿಕ್ಕದಾಗಿ, ಪ್ರೊಸೆಸರ್ ಪಕ್ಕದ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಉಳಿಯುತ್ತದೆ. ಯಾವ ವಿಳಾಸ ಬಂದರೂ 18 ಹೋಲಿಕೆಗಳಲ್ಲಿ ಉತ್ತರ ಸಿಗುತ್ತದೆ. ಅಕ್ಕಪಕ್ಕದ ತುಂಡುಗಳ ತೀರ್ಪು ಒಂದೇ ಆಗಿದ್ದರೆ ಬೆಸೆದುಬಿಡಿ, ಟೇಬಲ್ ಇನ್ನೂ ಕುಗ್ಗುತ್ತದೆ.

ಹ್ಯಾಶ್‌ನ ತೊಡಕು ಪ್ರಿಫಿಕ್ಸ್ ಉದ್ದದಲ್ಲಿದೆ. ಬಂದ ವಿಳಾಸ ಯಾವ ಉದ್ದದ ನಿಯಮಕ್ಕೆ ಸೇರುತ್ತದೆಂದು ಮೊದಲೇ ತಿಳಿಯದ ಕಾರಣ, ಪಟ್ಟಿಯಲ್ಲಿರುವ ಪ್ರತಿ ಉದ್ದಕ್ಕೂ ಒಮ್ಮೆ ಹುಡುಕಬೇಕು: ಐಪಿವಿ4ಗೆ 33ರವರೆಗೆ, ಐಪಿವಿ6ಗೆ 129ರವರೆಗೆ. ಗುಪ್ತಾ, ಲಿನ್ ಮತ್ತು ಮೆಕಿಯೋನ್ 1998ರಲ್ಲಿ ಪ್ರಕಟಿಸಿದ ಡಿಐಆರ್-24-8 ವಿಧಾನ ಒಂದೆರಡು ಮೆಮೊರಿ ಓದಿನಲ್ಲೇ ಉತ್ತರ ಕೊಡುತ್ತದೆ, ಆದರೆ ಮೊದಲ ಟೇಬಲ್ಲೇ 32 ಎಂಬಿ. ಅದು ರೌಟರ್‌ಗಳಿಗಾಗಿ ಹುಟ್ಟಿದ್ದು. ಸಂಪರ್ಕಕ್ಕೆ ಒಮ್ಮೆ ನೋಡುವ ಸರ್ವರ್‌ನಲ್ಲಿ ಆ ಉಳಿತಾಯ ಕಣ್ಣಿಗೂ ಕಾಣುವುದಿಲ್ಲ. ಇನ್ನು ಪಟ್ಟಿ ನೂರು ಸಾಲಿನೊಳಗಿದ್ದರೆ ಸಾಲುಸಾಲಾಗಿ ಹುಡುಕುವುದನ್ನು ಬದಲಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ರೇಡಿಕ್ಸ್ ಟ್ರೀಗೆ (ಟ್ರೈನದೇ ಅಡಕ ರೂಪ) ಬದಲಾಯಿಸಿದ ಮೇಲೆ, ಮೊದಲು ಒಳಬರುತ್ತಿದ್ದ ಕೆಲವು ಯಂತ್ರಗಳು ಈಗ ಬರುತ್ತಿಲ್ಲ. ಪಟ್ಟಿ ಬದಲಾಗಿಲ್ಲ. ಏಕೆ ಹೀಗೆ?

ಉತ್ತರ: ಪಟ್ಟಿ ಅದೇ, ಅದನ್ನು ಓದುವ ರೀತಿ ಬದಲಾಗಿದೆ. ಮೊದಲ ಸಾಲು "10.0.0.0/8 ಬಿಡು", ಎರಡನೆಯದು "10.1.0.0/16 ತಡೆ" ಎಂದುಕೊಳ್ಳಿ. ಮೇಲಿನಿಂದ ಓದಿ, ಮೊದಲು ಹೊಂದಿದ ಸಾಲಿನಂತೆ ನಡೆದರೆ 10.1.2.3 ಒಳಗೆ ಬರುತ್ತದೆ. ರೇಡಿಕ್ಸ್ ಟ್ರೀ ಸಾಮಾನ್ಯವಾಗಿ ಅತಿ ಉದ್ದದ ಪ್ರಿಫಿಕ್ಸ್ ಆರಿಸುತ್ತದೆ, ಹಾಗಾಗಿ ಅದೇ ವಿಳಾಸ ಹೊರಗುಳಿಯುತ್ತದೆ. ವೆಬ್ ಸರ್ವರ್ ಎಂಜಿನ್‌ಎಕ್ಸ್ ಒಂದರಲ್ಲೇ ಎರಡೂ ರೀತಿಗಳಿವೆ: ಅಲೌ-ಡಿನೈ ಸಾಲುಗಳಿಗೆ ಮೊದಲ ಹೊಂದಿಕೆ, ಐಪಿ ವಿಳಾಸಕ್ಕೆ ತಕ್ಕ ಮೌಲ್ಯ ಕೊಡುವ ಜಿಯೋ ಮಾಡ್ಯೂಲ್‌ಗೆ ಅತಿ ನಿರ್ದಿಷ್ಟ ಹೊಂದಿಕೆ. ಹಾಗಾಗಿ ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ನಕಲು ಮಾಡಬಾರದು. ಭದ್ರತೆಯ ಪಟ್ಟಿ ಬರೆದವರ ಉದ್ದೇಶವನ್ನು ವೇಗದ ಹೆಸರಿನಲ್ಲಿ ಸದ್ದಿಲ್ಲದೆ ತಿರುಚುವುದು ನಮ್ಮ ದೃಷ್ಟಿಯಲ್ಲಿ ಗಂಭೀರ ದೋಷ.

ಟ್ರೀಯನ್ನೇ ಇಟ್ಟುಕೊಳ್ಳುವುದಾದರೆ ಪ್ರತಿ ಗಂಟಿನಲ್ಲೂ ನಿಯಮದ ಸಾಲು ಸಂಖ್ಯೆ ಬರೆದಿಡಿ. ಕೆಳಗಿಳಿಯುವಾಗ ಹೊಂದಿದ ಎಲ್ಲ ಪ್ರಿಫಿಕ್ಸ್‌ಗಳಲ್ಲಿ ಕನಿಷ್ಠ ಸಂಖ್ಯೆಯದನ್ನು ಆರಿಸಿ. ಬೈಂಡ್ 9 ಡಿಎನ್ಎಸ್ ಸರ್ವರ್ ತನ್ನ ರೇಡಿಕ್ಸ್ ಟ್ರೀಯಲ್ಲಿ ಮೊದಲ ಹೊಂದಿಕೆಯ ಅರ್ಥ ಉಳಿಸಿಕೊಳ್ಳುವುದು ಹೀಗೆಯೇ.

ಅರೇ ವಿಧಾನದಲ್ಲಿ ಈ ತಲೆನೋವನ್ನೆಲ್ಲ ಪಟ್ಟಿ ಓದುವಾಗಲೇ ಮುಗಿಸಬಹುದು. ಎಲ್ಲ ಗಡಿಗಳನ್ನು ಏರಿಕೆ ಕ್ರಮದಲ್ಲಿ ವಿಂಗಡಿಸಿ, ಎಡದಿಂದ ಬಲಕ್ಕೆ ಸಾಗಿ. ಆರಂಭದ ಗಡಿ ಸಿಕ್ಕಾಗ ಆ ನಿಯಮದ ಸಂಖ್ಯೆಯನ್ನು, ಕನಿಷ್ಠ ಸಂಖ್ಯೆ ಸದಾ ತುದಿಯಲ್ಲಿರುವ ಮಿನ್-ಹೀಪ್‌ಗೆ ಹಾಕಿ. ಪ್ರತಿ ಗಡಿಯಲ್ಲೂ, ತುದಿಯಲ್ಲಿರುವ ನಿಯಮದ ವ್ಯಾಪ್ತಿ ಮುಗಿದಿರುವವರೆಗೂ ಒಂದೊಂದಾಗಿ ತೆಗೆದುಹಾಕುತ್ತಾ ಹೋಗಿ. ಉಳಿದದ್ದರಲ್ಲಿ ತುದಿಗೆ ಬಂದ ನಿಯಮವೇ ಮುಂದಿನ ತುಂಡಿನ ತೀರ್ಪು. ಹೀಪ್ ಖಾಲಿಯಾದರೆ ಡೀಫಾಲ್ಟ್. ಲೆಕ್ಕವನ್ನು 64 ಬಿಟ್‌ನಲ್ಲಿ ಮಾಡಿ: 255.255.255.255ಕ್ಕೆ ಒಂದು ಕೂಡಿಸಿದರೆ 32 ಬಿಟ್‌ನಲ್ಲಿ ಸೊನ್ನೆಗೆ ಮರಳುತ್ತದೆ, ಟೇಬಲ್ ಹಾಳಾಗುತ್ತದೆ.

ಹಳೆಯ ಸಾಲುಸಾಲು ಹುಡುಕಾಟದ ಕೋಡನ್ನು ಅಳಿಸಬೇಡಿ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಪ್ರತಿ ನಿಯಮದ ಆರಂಭ, ಅದರ ಹಿಂದಿನ ವಿಳಾಸ, ಕೊನೆ, ಅದರ ಮುಂದಿನ ವಿಳಾಸ, ಜೊತೆಗೆ ಹತ್ತು ಲಕ್ಷ ಯಾದೃಚ್ಛಿಕ ವಿಳಾಸಗಳನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು ಉತ್ತರ ಹೋಲಿಸಿ. ದೋಷಗಳು ಹೆಚ್ಚಾಗಿ ಗಡಿಯಲ್ಲೇ ಸಿಗುತ್ತವೆ.

ಪ್ರಶ್ನೆ: ಪಟ್ಟಿಯಲ್ಲಿ /0 ಸಾಲು ಹಾಕಿದರೆ ಯಾರಿಗೂ ಹೊಂದುವುದಿಲ್ಲ. ವಿಳಾಸ ಓದುವಾಗ ಇಂಥ ಬಲೆಗಳು ಬೇರೆ ಯಾವುವು?

ಉತ್ತರ: ಮಾಸ್ಕ್ (ಪ್ರಿಫಿಕ್ಸ್‌ನ ಬಿಟ್‌ಗಳಷ್ಟೇ ಒಂದಾಗಿರುವ ಸಂಖ್ಯೆ) ಮಾಡಲು ನೀವು ಎಲ್ಲ ಬಿಟ್ ಒಂದಾಗಿರುವ 32 ಬಿಟ್ ಸಂಖ್ಯೆಯನ್ನು (32 − ಉದ್ದ) ಸ್ಥಾನ ಎಡಕ್ಕೆ ಸರಿಸುತ್ತಿರಬೇಕು. ಉದ್ದ ಸೊನ್ನೆಯಾದಾಗ 32 ಸ್ಥಾನ ಸರಿಸಬೇಕಾಗುತ್ತದೆ. ಸಿ ಭಾಷೆಯಲ್ಲಿ ಅದರ ಫಲ ಅನಿರ್ದಿಷ್ಟ. ಎಕ್ಸ್86 ಪ್ರೊಸೆಸರ್ ಸರಿಸುವ ಎಣಿಕೆಯ ಕೆಳಗಿನ 5 ಬಿಟ್ ಮಾತ್ರ ನೋಡುವುದರಿಂದ ಮಾಸ್ಕ್ ಸರಿಯದೇ ಉಳಿದು, /0 ಹೋಗಿ /32 ಆಗಿಬಿಡಬಹುದು. ಸೊನ್ನೆಗೆ ಪ್ರತ್ಯೇಕ ಕವಲು ಬರೆಯಿರಿ.

ಬೈಟ್ ಕ್ರಮವೂ ಮುಖ್ಯ. 192.0.2.1 ಸಂಖ್ಯೆಯಾಗಿ 3221225985. ನೆಟ್‌ವರ್ಕ್ ಕ್ರಮದಿಂದ (ಹೆಚ್ಚಿನ ಬೆಲೆಯ ಬೈಟ್ ಮೊದಲು) ತಿರುಗಿಸದೆ ಎಕ್ಸ್86ನಲ್ಲಿ ಓದಿದರೆ ಅದೇ 16908480 ಆಗುತ್ತದೆ, ಬೈನರಿ ಸರ್ಚ್ ಎಲ್ಲೋ ಹೋಗಿ ನಿಲ್ಲುತ್ತದೆ. ಬರೆದ ವಿಳಾಸವನ್ನು ಸಂಖ್ಯೆ ಮಾಡಲು ಹಳೆಯ ಇನೆಟ್_ಏಟಾನ್ (inet_aton) ಫಂಕ್ಷನ್ ಬಳಸಬೇಡಿ: ಅದು 010.0.0.1 ಅನ್ನು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಎಂದು ತಿಳಿದು 8.0.0.1 ಮಾಡುತ್ತದೆ. ಇನೆಟ್_ಪಿಟಾನ್ (inet_pton) ಬಳಸಿ. 192.0.2.77/24 ಎಂದು ಯಾರಾದರೂ ಬರೆದರೆ ಸಾಲು ಸಂಖ್ಯೆಯೊಂದಿಗೆ ಎಚ್ಚರಿಕೆ ಕೊಡಿ. /24ರಲ್ಲಿ ಕೊನೆಯ 77 ಲೆಕ್ಕಕ್ಕೇ ಬರುವುದಿಲ್ಲ, ಬರೆದವರು /32 ಎಂದುಕೊಂಡಿದ್ದರೋ ಏನೋ.

ಐಪಿವಿ6 ಸಾಕೆಟ್ ಎರಡೂ ಬಗೆಯ ಸಂಪರ್ಕ ಸ್ವೀಕರಿಸುತ್ತಿದ್ದರೆ, ಐಪಿವಿ4 ವಿಳಾಸ ಮುಸುಕು ಹಾಕಿಕೊಂಡು ಬರುತ್ತದೆ: ಮೊದಲ 80 ಬಿಟ್ ಸೊನ್ನೆ, ಮುಂದಿನ 16 ಬಿಟ್ ಎಲ್ಲವೂ ಒಂದು, ಕೊನೆಯ 32 ಬಿಟ್ ನಿಜವಾದ ವಿಳಾಸ. ಇದನ್ನು ಬಿಚ್ಚಿ ಐಪಿವಿ4 ಟೇಬಲ್‌ಗೆ ಕೊಡದಿದ್ದರೆ ನಿಮ್ಮ "ತಡೆ" ಸಾಲುಗಳೆಲ್ಲ ವ್ಯರ್ಥ.

ಪ್ರಶ್ನೆ: ಸರ್ವರ್ ನಿಲ್ಲಿಸದೆ ಪಟ್ಟಿ ಬದಲಿಸುವುದು ಹೇಗೆ? ಪ್ರತಿ ಹುಡುಕಾಟಕ್ಕೂ ಲಾಕ್ ಬೇಕೇ?

ಉತ್ತರ: ಬೇಡ. ಹೊಸ ಟೇಬಲ್ಲನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ, ಕೊನೆಗೆ ಒಂದು ಪಾಯಿಂಟರನ್ನು ಅಟಾಮಿಕ್ ಆಗಿ (ಅರೆಬರೆ ಯಾರಿಗೂ ಕಾಣದಂತೆ ಒಂದೇ ಏಟಿಗೆ) ಬದಲಿಸಿ. ಹಳೆಯದನ್ನು ಓದುತ್ತಿರುವ ಥ್ರೆಡ್‌ಗಳೆಲ್ಲ ಹೊರಬಂದ ಮೇಲಷ್ಟೇ ಅದರ ಮೆಮೊರಿ ಬಿಡಿ. ಕಡತದಲ್ಲಿ ಒಂದೇ ಸಾಲು ತಪ್ಪಿದ್ದರೂ ಹೊಸದನ್ನು ಪೂರ್ತಿ ತಿರಸ್ಕರಿಸಿ, ಹಳೆಯದನ್ನೇ ನಡೆಸಿ. ಅರ್ಧ ಓದಿದ ಪಟ್ಟಿ ಅಪಾಯಕಾರಿ. ಈಗಾಗಲೇ ತೆರೆದಿರುವ ಸಂಪರ್ಕಗಳಿಗೆ ಹೊಸ ನಿಯಮ ತಾನಾಗಿ ತಾಗುವುದಿಲ್ಲ. ಟೇಬಲ್‌ಗೆ ಆವೃತ್ತಿ ಸಂಖ್ಯೆ ಕೊಟ್ಟು, ಸಂಪರ್ಕದಲ್ಲೂ ಅದನ್ನು ಬರೆದಿಟ್ಟು, ಮುಂದಿನ ವಿನಂತಿ ಬಂದಾಗ ಸಂಖ್ಯೆ ಬೇರೆಯಾಗಿದ್ದರೆ ಮತ್ತೆ ಪರೀಕ್ಷಿಸಿ.

ಪ್ರಶ್ನೆ: ಇಷ್ಟು ಮಾಡಿದರೆ ಫೈರ್‌ವಾಲ್ ಬೇಡವೇ?

ಉತ್ತರ: ಬೇಕು. ಲಿನಕ್ಸ್‌ನಲ್ಲಿ ಹೊಸ ಸಂಪರ್ಕ ಪಡೆಯುವ ಆಕ್ಸೆಪ್ಟ್ ಕರೆ ಮರಳುವ ಹೊತ್ತಿಗೆ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಟಿಸಿಪಿ ಹಸ್ತಲಾಘವ ಮುಗಿಸಿರುತ್ತದೆ, ಆದ್ದರಿಂದ ಸಿನ್ ಪ್ರವಾಹವನ್ನು (ಸಂಪರ್ಕ ಕೋರುವ ಸಿನ್ ಪ್ಯಾಕೆಟ್‌ಗಳ ಸುರಿಮಳೆ) ನಿಮ್ಮ ಪಟ್ಟಿ ತಡೆಯಲಾರದು. ಅದು ಕರ್ನಲ್‌ನ, ಅಂದರೆ ಎನ್‌ಎಫ್‌ಟೇಬಲ್ಸ್‌ನಂಥ ಫೈರ್‌ವಾಲ್‌ಗಳ ಕೆಲಸ. ನಿಮ್ಮ ಪರೀಕ್ಷೆ ಆಕ್ಸೆಪ್ಟ್ ಆದ ತಕ್ಷಣ, ಟಿಎಲ್ಎಸ್ ಗೂಢಲಿಪೀಕರಣ ಶುರುವಾಗುವ ಮುಂಚೆ ನಡೆಯಲಿ. ತಡೆಯಬೇಕಾದವರಿಗಾಗಿ ದುಬಾರಿ ಕೀಲಿ ಲೆಕ್ಕ ಮಾಡುವುದು ತಪ್ಪುತ್ತದೆ.