ಅಕ್ಕನ ಕಾಲು ನೋಡಿ ಕಲಿತ ಕುಂಟೆಬಿಲ್ಲೆ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಹೊರಗೆ ಕರೆದರೆ ಬರುವುದಿಲ್ಲ, ಫೋನ್ ಕೊಟ್ಟರೆ ಕೂತಲ್ಲಿಂದ ಏಳುವುದಿಲ್ಲ. ಆರು ತಿಂಗಳಿಂದ ಸಿಟ್ಟು, ಕಿರಿಕಿರಿ ತಗ್ಗಿಸುವ ರಿಸ್ಪೆರಿಡೋನ್ ಮಾತ್ರೆ ಕೊಡುತ್ತಿದ್ದೇವೆ, ತೂಕವೂ ಏರುತ್ತಿದೆ. ವ್ಯಾಯಾಮ ಮಾಡಿಸುವ ಆ್ಯಪ್‌ಗಳಿವೆಯಂತೆ. ಯಾವುದನ್ನು ಹಾಕಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಮಾತ್ರೆ ವಿಷಯ. ರಿಸ್ಪೆರಿಡೋನ್‌ನಿಂದ ಹಸಿವು ಜಾಸ್ತಿಯಾಗಿ ತೂಕ ಏರುವುದುಂಟು. ಹಾಗಂತ ನೀವಾಗಿ ನಿಲ್ಲಿಸಬೇಡಿ. ಪ್ರತಿ ವಾರದ ತೂಕ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಇನ್ನು ಆ್ಯಪ್. ಸದ್ಯಕ್ಕೆ ಹೊಸದೇನೂ ಬೇಡ, ಫೋನಿನ ಕ್ಯಾಮೆರಾ ಸಾಕು. ಮೈಸೂರಿನ ನಮ್ಮ ಥೆರಪಿ ಕೋಣೆಗೆ ಒಬ್ಬ ಹುಡುಗ ಬರುತ್ತಿದ್ದ. "ಜಿಗಿ ಪುಟ್ಟಾ" ಅಂದರೆ ಗೋಡೆ ನೋಡುತ್ತಿದ್ದ. ಹಟ ಅಂದುಕೊಂಡೆ, ತಪ್ಪು ನನ್ನದೇ. ಯಾವ ಕಾಲು ಮೊದಲು, ಕೈ ಎಲ್ಲಿಡಬೇಕು ಅನ್ನುವುದೇ ಅವನಿಗೆ ಹೊಂದುತ್ತಿರಲಿಲ್ಲ. ಅವನ ಅಕ್ಕ ಮನೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುವುದನ್ನು ಇಪ್ಪತ್ತು ಸೆಕೆಂಡು ವಿಡಿಯೊ ಮಾಡಿಸಿದೆ. ಮಾತಿಲ್ಲ, ಹಾಡಿಲ್ಲ, ಬರೀ ಅಕ್ಕನ ಕಾಲು. ಮೂರು ದಿನ ಸುಮ್ನೆ ನೋಡಿದ. ನಾಲ್ಕನೇ ದಿನ ಫೋನ್ ಪಕ್ಕಕ್ಕಿಟ್ಟು ಮೊದಲ ಮನೆಗೆ ಹಾರಿದ. ವಿಡಿಯೊ ಮಾಡೆಲಿಂಗ್ ಅನ್ನುವುದು ಇದಕ್ಕೇ.

ಅಂಕಿ ಅಂದರೆ ಇಷ್ಟಪಡುವ ಮಕ್ಕಳಿಗೆ ಹೆಜ್ಜೆ ಎಣಿಸುವ ಆ್ಯಪ್ ಹಿಡಿಸುತ್ತದೆ. ಆದರೆ ಗುರಿ ಮುಟ್ಟಿದಾಗ ಚಪ್ಪಾಳೆ, ಪಟಾಕಿ ಸದ್ದು ಬರುತ್ತದಲ್ಲ, ಅದನ್ನು ಮೊದಲು ಆಫ್ ಮಾಡಿ. ಆ ಸದ್ದಿಗೆ ಕಿವಿ ಮುಚ್ಚಿಕೊಂಡ ಹುಡುಗಿಯೊಬ್ಬಳು ಒಂದು ವಾರ ನಮ್ಮ ಕೋಣೆಗೇ ಕಾಲಿಡಲಿಲ್ಲ. 10,000 ಹೆಜ್ಜೆ ಅಂತಲೂ ಗುರಿ ಇಡಬೇಡಿ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಬಂದ, ಹೆಜ್ಜೆ ಎಣಿಸುವ ಪೆಡೋಮೀಟರ್ ಒಂದರ ಹೆಸರಿನಿಂದ ಹುಟ್ಟಿದ ಲೆಕ್ಕ, ಮಕ್ಕಳಿಗೆ ಅಂತ ಮಾಡಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸುವ ಆಟ ಬೇಕು ಅನ್ನುತ್ತದೆ. ನಿಮ್ಮ ಮಗನಿಗೆ ಐದು ನಿಮಿಷದಿಂದ ಶುರುವಾಗಲಿ.

ನಡೆಯುವಾಗ ಫೋನ್ ಅವನ ಕೈಗೆ ಬೇಡ, ನಿಮ್ಮ ಬ್ಯಾಗಿನಲ್ಲಿರಲಿ. ನಿಮ್ಮೂರಿನ ಮಹಾರಾಜ ಪಾರ್ಕಿಗೆ ಹೋಗುವುದಾದರೆ ಜನ ಕಡಿಮೆ ಇರುವ ಹೊತ್ತು ನೋಡಿ. ದಿನಾ ಅದೇ ಗೇಟು, ಅದೇ ದಾರಿ. ಗೇಟು, ಒಂದು ಬೆಂಚು, ನಿಮ್ಮ ಮನೆ ಬಾಗಿಲು, ಈ ಮೂರರ ಫೋಟೊ ತೆಗೆದಿಟ್ಟು ಹೊರಡುವ ಮುಂಚೆ ಒಂದೊಂದಾಗಿ ತೋರಿಸಿ. ಕೊನೆಯದು ಮನೆ ಬಾಗಿಲೇ ಆಗಿರಲಿ. ವಾಪಸ್ ಬರುತ್ತೇವೆ ಅಂತ ಗೊತ್ತಾದರೆ ಎಷ್ಟೋ ಮಕ್ಕಳು ತಾವೇ ಚಪ್ಪಲಿ ಹುಡುಕುತ್ತಾರೆ.